ಗೆರೆಯಾಚೆ ಮಗಳ ಮನೆ

ಆಗಸ್ಟ್ 14, ಸೋಮವಾರ

ರಸ್ತೆ ದಾಟಿ ಬಂದೆ. ನನ್ನ ಹಳೇ ಟ್ರಕ್ಕು ಎರಡು ಸಲ ಓಡಾಡಿತು, ಸಂಸಾರ ಪೂರಾ ಸಾಗಿತು. ಬೆಳಿಗ್ಗೆ ಆರ್ಕನ್ಸಾದವನಾಗಿದ್ದೆ, ಊಟದ ಹೊತ್ತಿಗೆ ಟೆಕ್ಸಸ್‌ನವನಾದೆ. ಊರು ಅದೇ ಟೆಕ್ಸಾರ್ಕಾನಾ. ನಡುವೆ ಹಾದುಹೋಗುವ ಸ್ಟೇಟ್ ಲೈನ್ ರಸ್ತೆ ಊರನ್ನು ಎರಡು ರಾಜ್ಯಗಳಿಗೆ ಸೀಳಿ ಹಂಚಿದೆ, ಅಷ್ಟೇ. ಅರವತ್ಮೂರು ವರ್ಷದಲ್ಲಿ ಆ ರಸ್ತೆಯನ್ನು ಎಷ್ಟು ಸಾವಿರ ಸಲ ದಾಟಿದ್ದೇನೋ, ಅದರಿಂದ ಉಪಯೋಗವಾದದ್ದು ಇದೇ ಮೊದಲು.

ಉಪಾಯ ಹಾಯ್ಟ್‌ನದು. ಡೋನಟ್ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ನನ್ನೆದುರು ಕೂತು ಕಾಫಿ ಕುಡಿಯುವವನು. "ಗಾರ್ಲಂಡ್, ಟೆಕ್ಸಸ್ಸಲ್ಲಿ ಸಾಲಗಾರನ ಸಂಬಳಕ್ಕೆ ಯಾವನೂ ಕೈ ಹಾಕೋ ಹಾಗಿಲ್ಲ. ಈ ಕಡೆ ಕೆಲಸ, ಈ ಕಡೆ ಮನೆ. ಆಮೇಲೆ ಅವರು ಆ ಫುಟ್‌ಪಾತಲ್ಲಿ ನಿಂತು ಬಾಯಿ ಬಡ್ಕೊಳ್ಳಲಿ" ಎಂದ. ಕಾಸು ಹಾಕಿ ಬಟ್ಟೆ ಒಗೆಯುವ ಅಂಗಡಿಯಲ್ಲಿ ಮೆಶೀನು ರಿಪೇರಿ ಕೆಲಸ ಕೊಡಿಸಿದವನೂ ಅವನೇ. ಸಂಜೆ ನಾಲ್ಕರಿಂದ ಹತ್ತು. ಅಂಗಡಿಯ ಹಿಂದೆಯೇ ಕೋಣೆ. ಗೋಡೆಗೆ ಕಿವಿ ಕೊಟ್ಟರೆ ಹನ್ನೆರಡು ಮೆಶೀನುಗಳ ಗುರುಗುರು.

ಇಷ್ಟು ದಿನ ಮಗಳು ಡಾರ್ಲಾಳ ಮನೆಯಲ್ಲಿದ್ದೆ. ಅವಳಿಗೆ ಏನು ಹೇಳಲಿ? ನಿನ್ನ ಗಂಡನಿಗೂ ನನಗೂ ಆಗಿಬರಲ್ಲ ಎಂದೆ. ಪಾಪದ ಡ್ವೈಟ್, ವಾರದಲ್ಲಿ ಐದು ದಿನ ಮರ ಸಾಗಿಸುವ ಲಾರಿಯ ಮೇಲಿರುತ್ತಾನೆ, ಜಗಳವಾಡಲು ಅವನಿಗೆ ಬಿಡುವೆಲ್ಲಿ? ಡಾರ್ಲಾ ತುಂಬು ಬಸುರಿ. ಬಾಗಿಲಲ್ಲಿ ನಿಂತು, "ಅಮ್ಮನ ಉಂಗುರ ಹುಷಾರಾಗಿ ಎತ್ಕೊಂಡೆ ತಾನೆ?" ಎಂದಳು. ಹೂಂ ಎಂದೆ. ಅದು ಜೂನ್‌ನಿಂದ ಈ ಕಡೆಯ ಗಿರವಿ ಅಂಗಡಿಯಲ್ಲಿದೆ. ನೂರ ಎಂಬತ್ತು ಡಾಲರಿಗೆ. ಬಡ್ಡಿ ಸೇರಿ ಇನ್ನೂರ ತೊಂಬತ್ತು ಕೊಟ್ಟು ಡಿಸೆಂಬರ್ ಕೊನೆಯೊಳಗೆ ಬಿಡಿಸಿಕೊಳ್ಳಬೇಕು.

ಇಲ್ಲಿ ಬರೆದುಬಿಡುತ್ತೇನೆ, ಬೇರೆಲ್ಲೂ ಹೇಳುವಂತಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿಯಾಗಲು ಡಾರ್ಲಾ ಶಾಲೆ ಸೇರಿದಾಗ ನನ್ನ ಹೆಸರಲ್ಲಿ ಆರು ಸಾವಿರದ ಎಂಟುನೂರು ಸಾಲ ತೆಗೆದೆ. ನಾಲ್ಕು ತಿಂಗಳಿಗೆ ಶಾಲೆಯವರು ಬೀಗ ಹಾಕಿಕೊಂಡು ಪರಾರಿ. ಅವಳಮ್ಮ ಐಲೀನ್ ತೀರಿಕೊಂಡು ಆರು ತಿಂಗಳೂ ಆಗಿರಲಿಲ್ಲ. ಹುಡುಗಿ ಅಡಿಗೆಮನೆಯ ನೆಲದ ಮೇಲೆ ಕೂತು ಅತ್ತಳು. ದುಡ್ಡು ಪೂರ್ತಿ ವಾಪಸ್ ಬಂತು, ಸಾಲ ತೀರಿತು ಎಂದುಬಿಟ್ಟೆ. ಅವಳು ಅಳು ನಿಲ್ಲಿಸಿದಳು. ಆಮೇಲೆ ನಾನು ಕೆಲಸಕ್ಕಿದ್ದ ಆಸ್ಪತ್ರೆಯ ಲಾಂಡ್ರಿ ಮುಚ್ಚಿತು, ಕಂತು ನಿಂತಿತು, ಸಾಲದ ಕಂಪನಿ ಕೋರ್ಟಿಗೆ ಹೋಯಿತು. ನಾನು ಹೋಗಲಿಲ್ಲ. ತೀರ್ಪು ಅವರ ಕಡೆಗಾಯಿತು. ಇರಲಿ. ಇವತ್ತಿನಿಂದ ಗೆದ್ದವನು ನಾನು.

ಆಗಸ್ಟ್ 23, ಬುಧವಾರ

ಆರ್ಕನ್ಸಾದ ಕೋರ್ಟಿನಿಂದ ಕಾಗದ. ಅಂಚೆಯವರು ಹಳೇ ವಿಳಾಸದಿಂದ ಹುಡುಕಿಕೊಂಡು ತಂದುಕೊಟ್ಟಿದ್ದಾರೆ, ಎಂಥ ಮುತುವರ್ಜಿ. ನಿನ್ನ ಹತ್ತಿರ ಏನೇನಿದೆ ಎಲ್ಲ ಪಟ್ಟಿ ಮಾಡಿ, ಪ್ರಮಾಣ ಮಾಡಿ ಸಹಿ ಹಾಕಿ, ನಲವತ್ತೈದು ದಿನದೊಳಗೆ ತಂದು ಒಪ್ಪಿಸು ಅಂತ. ಒಡವೆ, ವಾಹನ, ಪಾತ್ರೆಪಡಗ, ಬಂದೂಕು, ದನಕರು. ದನಕರು ಬೇರೆ ಕೇಡು.

ಹಾಯ್ಟ್ ಎರಡೂ ಕಡೆ ತಿರುಗಿಸಿ ನೋಡಿ, "ಇದು ಆ ಕಡೆ ಕಾಗದ ಕಣಯ್ಯ. ಈ ಕಡೆ ಇದಕ್ಕೆ ಡೋನಟ್ ಸುತ್ತಿಕೊಡೋ ಪೇಪರಿನಷ್ಟೂ ಬೆಲೆ ಇಲ್ಲ" ಎಂದ.

ನಾಲ್ಕನೇ ನಂಬರ್ ಮೆಶೀನಿಗೆ ಒಂದು ಕಾಲು ಗಿಡ್ಡ, ಓಡುವಾಗ ಕುಣಿಯುತ್ತದೆ. ಕಾಗದವನ್ನು ಎಂಟು ಮಡಿಕೆ ಮಾಡಿ ಅದರ ಕೆಳಗಿಟ್ಟೆ. ಕುಣಿತ ನಿಂತಿತು.

ಸೆಪ್ಟೆಂಬರ್ 21, ಗುರುವಾರ

ಹೆಣ್ಣು ಮಗು. ಹೇಝಲ್ ಅಂತ ಹೆಸರು. ಆಸ್ಪತ್ರೆ ಈ ಕಡೆಯೇ ಇರುವುದರಿಂದ ಹುಟ್ಟಿದಾಗ ಪಕ್ಕದಲ್ಲೇ ಇದ್ದೆ. ಟೆಕ್ಸಸ್‌ನವಳು ಎಂದು ಡ್ವೈಟ್‌ನನ್ನು ರೇಗಿಸಿದೆ. "ಮೂರು ದಿನ ಅಷ್ಟೇ ಮಾವ, ಆಮೇಲೆ ನಮ್ಮವಳು" ಎಂದ. ಒಳ್ಳೆಯ ಹುಡುಗ. ನನ್ನ ಮುಖ ನೋಡಲು ಹಿಂಜರಿಯುತ್ತಿದ್ದ. ಹಿಂಜರಿಯದೆ ಏನು ಮಾಡಿಯಾನು, ಅವನಿಂದಾಗಿ ಮನೆ ಬಿಟ್ಟೆ ಎಂದು ನಾನೇ ಹೇಳಿ ಬಂದಿದ್ದೇನಲ್ಲ.

ಐಲೀನಳ ಗದ್ದ ಬಂದಿದೆ ಮಗುವಿಗೆ.

ನವೆಂಬರ್ 3, ಶುಕ್ರವಾರ

ಮತ್ತೊಂದು ಕಾಗದ. ಪಟ್ಟಿ ಒಪ್ಪಿಸಲಿಲ್ಲ, ವಿಚಾರಣೆಗೂ ಬರಲಿಲ್ಲ, ಆದ್ದರಿಂದ ಗಾರ್ಲಂಡ್ ಸಗ್ಸ್‌ನ ಮೇಲೆ ವಾರಂಟ್. ಸಾಲಕ್ಕಲ್ಲವಂತೆ, ಕೋರ್ಟಿನ ಮಾತು ಮೀರಿದ್ದಕ್ಕೆ.

ಹಾಯ್ಟ್ ಕಾಫಿ ಲೋಟ ಕೆಳಗಿಟ್ಟ. "ಅವರ ಪೊಲೀಸರು ಇದಕ್ಕೆಲ್ಲ ಈ ಕಡೆ ಬರಲ್ಲ" ಎಂದ. ಲೋಟ ಮತ್ತೆ ಎತ್ತಿಕೊಂಡು, "ನೀನೂ ಆ ಕಡೆ ಹೋಗ್ಬೇಡ" ಎಂದ.

ಟ್ರಕ್ಕಿನ ಹಿಂದಿನ ದೀಪ ಒಂದು ಹೋಗಿದೆ. ಯಾವನಾದರೂ ಪೊಲೀಸು ನಿಲ್ಲಿಸಿ ಹೆಸರು ಕೇಳಿದರೆ ಸಾಕು.

ನವೆಂಬರ್ 11, ಶನಿವಾರ

ಐಲೀನ್ ಹೋಗಿ ಇವತ್ತಿಗೆ ಎರಡು ವರ್ಷ. ಸ್ಮಶಾನ ಆ ಕಡೆ.

ನವೆಂಬರ್ 13, ಸೋಮವಾರ

ಡಾರ್ಲಾ ಬಂದಿದ್ದಳು. ರಜೆ ಮುಗಿಯಿತು, ವೃದ್ಧಾಶ್ರಮದ ಕೆಲಸಕ್ಕೆ ಬೆಳಿಗ್ಗೆ ಆರೂವರೆಗೆ ಹಾಜರಾಗಬೇಕು, ಮೂರಕ್ಕೆ ಬಿಡುಗಡೆ. ಮಗು ನೋಡಿಕೊಳ್ಳುವವರಿಗೆ ಕೊಟ್ಟರೆ ಸಂಬಳದಲ್ಲಿ ಅರ್ಧ ಅಲ್ಲೇ ಹೋಗುತ್ತದೆ.

"ನಿನಗೆ ಕೆಲಸ ಸಂಜೆ ತಾನೆ ಅಪ್ಪಾ. ಬೆಳಿಗ್ಗೆ ಮನೆಗೆ ಬಂದುಬಿಡು. ಡ್ವೈಟ್ ಇರಲ್ಲ, ಅವನ ಮುಖ ನೋಡ್ಬೇಕಾಗಿಲ್ಲ."

"ಆ ಮನೆಗೆ ನಾನು ಬರಲ್ಲ."

"ಯಾಕೆ?"

"ಬರಲ್ಲ ಅಂದ್ರೆ ಬರಲ್ಲ."

ಅವಳು ತುಂಬ ಹೊತ್ತು ನನ್ನನ್ನೇ ನೋಡಿದಳು. ಬೇರೆ ಏನೋ ಕೇಳುತ್ತಾಳೆ ಅಂದುಕೊಂಡೆ. ಕೇಳಲಿಲ್ಲ. "ಸರಿ. ಹಾಗಾದ್ರೆ ನಾನೇ ತಂದುಕೊಡ್ತೀನಿ. ಅಂಚೆ ಕಚೇರಿ ಮುಂದೆ, ಆರು ಗಂಟೆಗೆ" ಎಂದಳು.

ನವೆಂಬರ್ 15, ಬುಧವಾರ

ಅಂಚೆ ಕಚೇರಿ ಎರಡು ರಾಜ್ಯಗಳ ಮೇಲೂ ಒಂದೊಂದು ಕಾಲಿಟ್ಟು ಕೂತ ಕಟ್ಟಡ. ಮುಂದೆ ನೆಲದ ಮೇಲೆ ಗೆರೆ, ಆಚೆ ಈಚೆ ರಾಜ್ಯಗಳ ಹೆಸರು. ಊರಿಗೆ ಬಂದವರು ಆಚೆಗೊಂದು ಈಚೆಗೊಂದು ಕಾಲಿಟ್ಟು ಹಲ್ಲು ಕಿರಿದು ಫೋಟೋ ತೆಗೆಸಿಕೊಳ್ಳುತ್ತಾರೆ.

ಡಾರ್ಲಾ ಮಗುವಿನ ಗಾಡಿಯನ್ನು ಗೆರೆಯ ತನಕ ತಳ್ಳಿಕೊಂಡು ಬಂದು ನಿಂತಳು. ಚಕ್ರ ಗೆರೆಗೆ ಮುಟ್ಟಿತ್ತು.

"ನಾಲ್ಕು ಹೆಜ್ಜೆ ಈಚೆ ಬಾ" ಎಂದೆ.

"ನೀನೇ ಬಾ."

ಇಬ್ಬರೂ ಅಲುಗಲಿಲ್ಲ. ಆರೂ ಐದಾಯಿತು, ಆರೂ ಹತ್ತಾಯಿತು. ಅವಳಿಗೆ ಕೆಲಸಕ್ಕೆ ಹೊತ್ತಾಗುತ್ತಿತ್ತು. ಕೊನೆಗೆ ನಾನು ಮೈ ಬಗ್ಗಿಸಿ, ಕೈ ಮಾತ್ರ ಆಚೆ ಚಾಚಿ, ಗಾಡಿಯನ್ನು ಎಳೆದುಕೊಂಡೆ. ಹಟ ಅವಳಿಗೆ ಅಮ್ಮನಿಂದ ಬಂದದ್ದು ಅಂದುಕೊಂಡಿದ್ದೆ. ಈಗ ಅನುಮಾನ.

ನವೆಂಬರ್ 29, ಬುಧವಾರ

ದಿನಾ ಇದೇ. ಆರಕ್ಕೆ ಗೆರೆಯ ಮೇಲಿಂದ ಮಗುವನ್ನು ಎಳೆದುಕೊಳ್ಳುವುದು, ಮೂರೂ ಕಾಲಿಗೆ ಗೆರೆಯ ಮೇಲಿಂದ ತಳ್ಳುವುದು. ಬ್ಯಾಂಕಿನವರು ಕಿಂಡಿಯಲ್ಲಿ ದುಡ್ಡು ತಳ್ಳುತ್ತಾರಲ್ಲ, ಹಾಗೆ. ಹಾಲೆಷ್ಟು ಕುಡಿದಳು, ಎಷ್ಟು ಹೊತ್ತು ಮಲಗಿದಳು ಹೇಳುತ್ತೇನೆ. ಅವಳು "ಸರಿ" ಎನ್ನುತ್ತಾಳೆ. ಬೇರೆ ಮಾತಿಲ್ಲ. ಒಂದು ದಿನ ಫೋಟೋಕ್ಕೆ ಬಂದ ಹೆಂಗಸೊಬ್ಬಳು ನಮ್ಮನ್ನು ನೋಡಿ, ಗಂಡ ಹೆಂಡತಿ ಬಿಟ್ಟವರ ಮಗುವಾ ಎಂದು ಕೇಳಿದಳು. ಡಾರ್ಲಾ, "ಹೆಚ್ಚು ಕಡಿಮೆ ಹಂಗೇ" ಎಂದಳು.

ಮೆಶೀನುಗಳ ಸದ್ದಿಗೆ ಹೇಝಲ್ ಚೆನ್ನಾಗಿ ನಿದ್ದೆ ಮಾಡುತ್ತಾಳೆ. ನಾಲ್ಕನೇ ನಂಬರ್ ಓಡಿದರೆ ಇನ್ನೂ ಚೆನ್ನಾಗಿ.

ಈಗೀಗ ನಾನು ಈ ಕಡೆಯ ಕೆಲವು ಬೀದಿಗಳಿಗೂ ಹೋಗುವುದನ್ನು ಬಿಟ್ಟಿದ್ದೇನೆ. ಮರೆತು ರಸ್ತೆಯ ಆ ಪಕ್ಕಕ್ಕೆ ತಿರುಗಿಬಿಟ್ಟರೆ ಎಂದು. ಡೋನಟ್ ಅಂಗಡಿಯೂ ಯಾಕೆ ಬೇಕು, ಕಾಫಿ ಕೋಣೆಯಲ್ಲೇ ಮಾಡಿಕೊಂಡರಾಯಿತು. ಹುಷಾರಾಗಿರುವುದರಲ್ಲಿ ತಪ್ಪೇನಿದೆ?

ಉಂಗುರಕ್ಕೆ ಬ್ಯಾಂಕಿನಲ್ಲಿ ಇನ್ನೂರ ಅರವತ್ತು ಕೂಡಿತು. ಕ್ರಿಸ್‌ಮಸ್‌ಗೆ ಮುಂಚೆ ಬಿಡಿಸಿಕೊಂಡು ಬರುತ್ತೇನೆ.

ಡಿಸೆಂಬರ್ 12, ಮಂಗಳವಾರ

ಬ್ಯಾಂಕಿನಲ್ಲಿ ದುಡ್ಡಿಲ್ಲ.

ಉಂಗುರ ಬಿಡಿಸಲೆಂದು ತೆಗೆಯಲು ಹೋದೆ. ಕೌಂಟರಿನ ಹುಡುಗಿ ಪರದೆ ನೋಡಿ, ಮ್ಯಾನೇಜರನ್ನು ಕರೆದಳು. ಅವನು ಹೇಳಿದ, "ನಿಮ್ಮ ಖಾತೆ ತಡೆ ಹಿಡಿದಿದಾರೆ. ಕೋರ್ಟ್ ಆದೇಶ."

"ಆ ಕೋರ್ಟು ಆ ಕಡೆದು. ಈ ಬ್ಯಾಂಕು ಈ ಕಡೆದು" ಎಂದೆ.

"ಆದೇಶ ಈ ಕಡೆ ಕೋರ್ಟಿಂದಾನೇ ಬಂದಿದೆ ಸರ್" ಎಂದ.

ಹಾಯ್ಟ್‌ನನ್ನು ಹುಡುಕಿಕೊಂಡು ಹೋದೆ. ಅವನು ಕಿಟಕಿಯಾಚೆ ನೋಡುತ್ತ, "ನಾನೂ ಹಿಂಗೇ ದಾಟಿ ಬಂದವನು. ನನ್ನ ಸಾಲ ಅಷ್ಟು ದೊಡ್ಡದಿರಲಿಲ್ಲ, ಯಾರೂ ಹಿಂದೆ ಬೀಳಲಿಲ್ಲ. ಅದೇ ಕಾನೂನು ಅಂದ್ಕೊಂಡಿದ್ದೆ" ಎಂದ. ಹೊಡೆಯಬೇಕು ಅನ್ನಿಸಿತು. ಕೈ ಮಾತ್ರ ಎತ್ತಲಾಗಲಿಲ್ಲ. ಪೆದ್ದನ ಮಾತು ಕೇಳಿದವನು ನಾನು.

ಡಿಸೆಂಬರ್ 14, ಗುರುವಾರ

ಗ್ರಂಥಾಲಯದಲ್ಲಿ ಬಡವರಿಗೆ ಪುಕ್ಕಟೆ ಸಲಹೆ ಕೊಡುವ ವಕೀಲೆಯಿದ್ದಾಳೆ, ಬ್ರಿಜೆಟ್. ಡಾರ್ಲಾಳಿಗಿಂತ ಚಿಕ್ಕವಳು. ಹೇಝಲ್‌ಳನ್ನೂ ಎತ್ತಿಕೊಂಡೇ ಹೋಗಿದ್ದೆ.

"ತೀರ್ಪು ರಸ್ತೆ ದಾಟುತ್ತೆ ಸರ್. ಇಲ್ಲಿನ ಕೋರ್ಟಲ್ಲಿ ನೋಂದಾಯಿಸಿದ್ರೆ ಇಲ್ಲಿನ ತೀರ್ಪಿದ್ದ ಹಾಗೇ. ನಿಮ್ಮ ಸಂಬಳ ಮುಟ್ಟೋ ಹಾಗಿಲ್ಲ, ಅದು ನಿಜ. ಆದ್ರೆ ಬ್ಯಾಂಕಿಗೆ ಬಿದ್ದ ಮೇಲೆ ಅದು ಸಂಬಳ ಅಲ್ಲ, ಬರೀ ದುಡ್ಡು."

"ವಾರಂಟು?"

"ಅದು ದಾಟಲ್ಲ. ಇಷ್ಟಕ್ಕೆಲ್ಲ ಯಾರೂ ಈ ಕಡೆ ಬಂದು ನಿಮ್ಮನ್ನ ಎಳ್ಕೊಂಡು ಹೋಗಲ್ಲ."

ಅಂದರೆ ಕಾಗದ ದಾಟಬಹುದು. ದುಡ್ಡು ದಾಟಬಹುದು. ನಾನೊಬ್ಬನೇ ದಾಟುವಂತಿಲ್ಲ. ಅವರನ್ನು ಹೊರಗಿಟ್ಟೆ ಅಂದುಕೊಂಡು ನನ್ನನ್ನು ಒಳಗೆ ಹಾಕಿಕೊಂಡು ಚಿಲಕ ಎಳೆದಿದ್ದೇನೆ.

"ಆ ಪಟ್ಟಿ ತುಂಬಿ ನೀವಾಗೇ ತಗೊಂಡು ಹೋಗಿ ಕೊಟ್ರೆ ವಾರಂಟ್ ವಾಪಸ್ ತಗೋತಾರೆ ಬಹುಶಃ" ಎಂದಳು.

"ಬಹುಶಃ?"

"ವಕೀಲರು ಅದಕ್ಕಿಂತ ಮುಂದೆ ಹೋಗಲ್ಲ ಸರ್. ಕೋರ್ಟಿಗೆ ಹೋಗೋವಾಗ ಬಿಪಿ ಗಿಪಿ ಮಾತ್ರೆ ತಗೋತಿದ್ರೆ ಜೊತೆಗಿಟ್ಕೊಳ್ಳಿ. ಒಂದು ರಾತ್ರಿ ಇರಿಸ್ಕೊಂಡ್ರೂ ಇರಿಸ್ಕೋಬಹುದು. ಇರೋದು ಒಂದು ಹಳೇ ಟ್ರಕ್ಕು, ಒಂದಿಷ್ಟು ಸ್ಪ್ಯಾನರು. ಅದನ್ನ ಬರೆಯೋಕೆ ಏನು ಭಯ ನಿಮಗೆ?"

ಏನೆಂದು ಹೇಳಲಿ? ಜೈಲಲ್ಲಿ ಕೂತರೆ ಡಾರ್ಲಾಳಿಗೆ ಗೊತ್ತಾಗುತ್ತದೆ. ಯಾವ ಸಾಲ ಎಂದು ಕೇಳುತ್ತಾಳೆ. ನನ್ನಿಂದಾಗಿ ಅಪ್ಪ ಜೈಲಿಗೆ ಹೋದ ಎಂದು ಮತ್ತೆ ಆ ನೆಲದ ಮೇಲೆ ಕೂರುತ್ತಾಳೆ.

ಡಿಸೆಂಬರ್ 25, ಸೋಮವಾರ

ಊಟಕ್ಕೆ ಕರೆದಿದ್ದರು. ನೆಗಡಿ, ಮಗುವಿಗೆ ತಗುಲುತ್ತದೆ ಎಂದೆ. ಬೀನ್ಸ್ ಬೇಯಿಸಿಕೊಂಡು ತಿಂದೆ. ಮೆಶೀನುಗಳಿಗೂ ಇವತ್ತು ರಜೆ. ಇಷ್ಟು ಸದ್ದಿಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ಜನವರಿ 2, ಮಂಗಳವಾರ

ಗಿರವಿ ಅಂಗಡಿಯ ಕಿಟಕಿಯಲ್ಲಿ ಉಂಗುರವಿಲ್ಲ. ಕೇಳಲಿಲ್ಲ. ವಾಯಿದೆ ಮುಗಿದಿತ್ತು.

ಜನವರಿ 16, ಮಂಗಳವಾರ

ಎರಡು ದಿನದಿಂದ ರಸ್ತೆಯೆಲ್ಲ ಮಂಜುಗಡ್ಡೆ. ಆರಕ್ಕೆ ಹೋಗಿ ನಿಂತೆ. ಡಾರ್ಲಾ ಬರಲಿಲ್ಲ. ಆರೂವರೆಗೆ ಫೋನ್ ಮಾಡಿದಳು. ಗಂಟಲು ಪೂರ್ತಿ ಕಟ್ಟಿತ್ತು.

"ಜ್ವರ ಅಪ್ಪಾ. ನೂರಾ ಮೂರು. ಎದ್ದರೆ ತಲೆ ಸುತ್ತುತ್ತೆ. ಮಗು ಎತ್ಕೊಳ್ಳೋಕೆ ಭಯ, ಎಲ್ಲಿ ಬೀಳಿಸ್ತೀನೋ ಅಂತ. ಡ್ವೈಟ್ ಲೂಸಿಯಾನದಲ್ಲಿ ಸಿಕ್ಕಿಹಾಕಿಕೊಂಡಿದಾನೆ, ರಸ್ತೆ ಮುಚ್ಚಿದಾರೆ."

"ಹಾಯ್ಟ್‌ನ ಕಳಿಸ್ಲಾ?" ಎಂದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ. ಆದರೂ ಎಂದದ್ದು ನಿಜ.

ಹಿಂದೆ ಹೇಝಲ್ ಅಳುತ್ತಿದ್ದಳು. "ನೀನು ಬರ್ತೀಯಾ, ಬರಲ್ವಾ? ಒಂದೇ ಮಾತು ಹೇಳು" ಎಂದಳು ಡಾರ್ಲಾ.

ಟ್ರಕ್ಕು ಬೇಡ, ಹಿಂದಿನ ದೀಪ ಇನ್ನೂ ಹಾಗೇ ಇದೆ. ನಡೆದೆ. ಗೆರೆಯ ಮೇಲೂ ಗಡ್ಡೆ ಕಟ್ಟಿತ್ತು, ಕಾಣಿಸಲೇ ಇಲ್ಲ. ಎಲ್ಲಿ ದಾಟಿದೆನೋ ನನಗೇ ತಿಳಿಯದು. ಎರಡನೇ ತಿರುವಿನಲ್ಲಿ ಆರ್ಕನ್ಸಾದ ಪೊಲೀಸ್ ಕಾರು ನಿಧಾನಕ್ಕೆ ಪಕ್ಕಕ್ಕೆ ಬಂತು. ಗಾಜು ಇಳಿಯಿತು. ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡೆ.

"ಜಾರುತ್ತೆ ತಾತಾ, ಅಂಚಲ್ಲಿ ಹುಲ್ಲಿನ ಮೇಲೆ ನಡೀರಿ" ಎಂದು ಹೇಳಿ ಹೋದ.

ಮಗುವಿಗೆ ಹಾಲು ಕೊಟ್ಟೆ, ಬಟ್ಟೆ ಬದಲಿಸಿದೆ, ಡಾರ್ಲಾಳಿಗೆ ಸೂಪು ಬಿಸಿ ಮಾಡಿಕೊಟ್ಟೆ. ಅವಳು ಸೋಫಾದ ಮೇಲೆ ಮಲಗಿಯೇ, "ಫ್ರಿಜ್ ಮೇಲೆ ಒಂದು ಕಾಗದ ಇದೆ, ತಗೋ" ಎಂದಳು.

ಅದೇ ಪಟ್ಟಿ. ನಾಲ್ಕನೇ ನಂಬರ್ ಮೆಶೀನಿನ ಕೆಳಗಿರುವ ಕಾಗದದ ತಂಗಿ. ತುಂಬಿಸಿಯಾಗಿತ್ತು, ಅವಳ ಅಕ್ಷರ.

"ನವೆಂಬರಲ್ಲಿ ಪೊಲೀಸ್ ಬಂದಿದ್ದ. ನಿನ್ನ ಹುಡುಕ್ಕೊಂಡು. ಎಲ್ಲಿದಾರೋ ಗೊತ್ತಿಲ್ಲ ಅಂದೆ. ಇದನ್ನ ಕೊಟ್ಟು ಹೋದ. ಯಾವ ಸಾಲ, ಯಾವ ತಾರೀಕು, ಎಲ್ಲ ಇತ್ತು ಅದರಲ್ಲಿ."

"ನವೆಂಬರಲ್ಲೇ ಗೊತ್ತಿತ್ತಾ?"

"ದಿನಾ ಬೆಳಿಗ್ಗೆ ಆ ಗೆರೆ ಹತ್ರ ನಿಲ್ತಿದ್ದೆನಲ್ಲ. ಇವತ್ತು ಹೇಳ್ತಾನೆ, ಇವತ್ತು ಹೇಳ್ತಾನೆ ಅಂತ."

ನಾನು ಕುರ್ಚಿಯ ಮೇಲೆ ಕೂತೆ. ಕಾಗದ ಓದುವುದು ಬಿಟ್ಟು ಬೇರೆ ಏನು ಮಾಡಲಿ? ಟ್ರಕ್ಕು ಒಂದು, ಹಿಂದಿನ ದೀಪ ಹೋಗಿದೆ. ಸ್ಪ್ಯಾನರ್ ಸೆಟ್ಟು. ಮಂಚ. ಒಡವೆ ಎಂಬಲ್ಲಿ: ಅಮ್ಮನ ಮದುವೆಯ ಉಂಗುರ. ದನಕರು: ಇಲ್ಲ. ಕೊನೆಯಲ್ಲಿ, ನಿಮಗೆ ಯಾರಾದರೂ ಹಣ ಕೊಡಬೇಕಿದೆಯೇ ಎಂಬಲ್ಲಿ: ಡಾರ್ಲಾ, ಮಗಳು. ಆರು ಸಾವಿರದ ಎಂಟುನೂರು.

ಪೆನ್ನು ತೆಗೆದುಕೊಂಡು ಆ ಸಾಲನ್ನು ಹೊಡೆದುಹಾಕಿದೆ.

"ಪ್ರಮಾಣ ಮಾಡಿ ಸಹಿ ಹಾಕೋ ಕಾಗದ ಅಪ್ಪಾ ಅದು. ಸುಳ್ಳು ಬರೆಯೋ ಹಾಗಿಲ್ಲ."

"ಅದಕ್ಕೇ ಹೊಡೆದದ್ದು. ನಿನಗೆ ಕೊಟ್ಟದ್ದು ಸಾಲ ಅಲ್ಲ."

ಆಮೇಲೆ ಇನ್ನೊಂದು ಸಾಲು ಉಳಿದಿತ್ತು. ಅದನ್ನೂ ಹೊಡೆಯದೆ ವಿಧಿಯಿರಲಿಲ್ಲ. ಪೆನ್ನು ಅಲ್ಲೇ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ. ಡಾರ್ಲಾ ಕಣ್ಣು ಮುಚ್ಚಿದ್ದಳು, ನಿದ್ದೆ ಬಂತು ಅಂದುಕೊಂಡೆ. ಉಂಗುರದ ಮೇಲೆ ಗೀಟು ಎಳೆದೆ.

ಕಣ್ಣು ಬಿಡದೆಯೇ ಕೇಳಿದಳು, "ಎಷ್ಟಕ್ಕೆ?"

"ನೂರ ಎಂಬತ್ತು."

"ಮೋಸ ಹೋದೆ ನೀನು" ಎಂದಳು. ಆಮೇಲೆ ಅತ್ತಳು. ನಾನೂ ಅತ್ತೆ. ಹೇಝಲ್ ಒಬ್ಬಳೇ ಸುಮ್ಮನಿದ್ದದ್ದು.

ಜನವರಿ 22, ಸೋಮವಾರ

ಬಿಪಿ ಮಾತ್ರೆ ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಕೋಣೆಯ ಬೀಗದಕೈ ಹಾಯ್ಟ್‌ಗೆ ಕೊಟ್ಟಿದ್ದೆ, ರಾತ್ರಿ ಬಾರದಿದ್ದರೆ ಅಂಗಡಿಯವನಿಗೆ ಹೇಳು ಎಂದು. ಅವನೂ ಕೋರ್ಟಿನ ತನಕ ಬಂದ, ಬಾಯಿ ತೆರೆಯಲಿಲ್ಲ, ಅದೇ ದೊಡ್ಡ ಉಪಕಾರ.

ನ್ಯಾಯಾಧೀಶರು ಪಟ್ಟಿ ನೋಡಿದರು. ಒಂದು ಪುಟ. ಹೊಡೆದ ಎರಡು ಸಾಲುಗಳ ಮೇಲೆ ಬೆರಳಿಟ್ಟು, "ಇವು?" ಎಂದು ಕೇಳಿದರು.

"ಒಂದು ಹೋಯ್ತು ಸ್ವಾಮಿ. ಇನ್ನೊಂದು ಇರಲೇ ಇಲ್ಲ."

ಅವರು ಹಿಂದೆ ಮಗುವನ್ನೆತ್ತಿಕೊಂಡು ನಿಂತಿದ್ದ ಡಾರ್ಲಾಳನ್ನು ನೋಡಿ, ಮತ್ತೇನೂ ಕೇಳದೆ ಸಹಿ ಹಾಕಿದರು. ವಾರಂಟ್ ರದ್ದು. ಒಟ್ಟು ಏಳು ನಿಮಿಷ. ಇದಕ್ಕೆ ನಾನು ಐದು ತಿಂಗಳು ಕೊಟ್ಟೆ.

ಸಾಲ ಹಾಗೇ ಇದೆ. ಬಡ್ಡಿ, ಖರ್ಚು ಸೇರಿ ಒಂಬತ್ತು ಸಾವಿರ ದಾಟಿದೆ. ಬ್ಯಾಂಕಿಗೆ ದುಡ್ಡು ಹಾಕಿದರೆ ಮತ್ತೆ ಎತ್ತುತ್ತಾರೆ, ಆ ಕಡೆ ಕೆಲಸಕ್ಕೆ ಸೇರಿದರೆ ಸಂಬಳವನ್ನೇ ಹಿಡಿಯುತ್ತಾರೆ. ತಿಂಗಳಿಗೆ ಐವತ್ತು ಕೊಡುತ್ತೇನೆಂದು ಬರೆದು ಕಳಿಸಲು ಬ್ರಿಜೆಟ್ ಹೇಳಿದ್ದಾಳೆ. ಲೆಕ್ಕ ಹಾಕಿದೆ. ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಅದೂ ಬಡ್ಡಿ ಬೆಳೆಯದಿದ್ದರೆ. ನನಗೆ ಎಪ್ಪತ್ತೆಂಟು ಆದಾಗ.

ಕೋರ್ಟಿನಿಂದ ನೇರವಾಗಿ ಸ್ಮಶಾನಕ್ಕೆ ಹೋದೆ, ಡಾರ್ಲಾ ಮಗುವಿನ ಗಾಡಿ ತಳ್ಳಿಕೊಂಡು ಹಿಂದೆಯೇ ಬಂದಳು. ಎರಡು ತಿಂಗಳು ತಡ. ಐಲೀನಳ ಕಲ್ಲಿನ ಮೇಲಿನ ಒಣಗಿದ ಎಲೆ ತೆಗೆದು, ಉಂಗುರದ ವಿಷಯ ಹೇಳಿದೆ. ಜೋರಾಗಿಯೇ ಹೇಳಿದೆ. ತಿರುಗಿ ನೋಡಿದರೆ ಡಾರ್ಲಾ ಒಳಗೆ ಬಂದಿರಲಿಲ್ಲ. ಗೇಟಿನ ಹೊರಗೆ, ಗಾಡಿಯ ಚಕ್ರವನ್ನು ಹೊಸ್ತಿಲಿಗೆ ತಾಗಿಸಿಕೊಂಡು ನಿಂತಿದ್ದಳು.

"ಬಾ" ಎಂದೆ.

"ನೀನೇ ಬಂದು ಕರ್ಕೊಂಡು ಹೋಗು" ಎಂದಳು.

ಹೋಗಿ ಕರೆದುಕೊಂಡು ಬಂದೆ.